ನಿಯಮ ಯಾವುದು, ತತ್ವ ಯಾವುದು: ವಾದ ಕಟ್ಟುವ ಮೊದಲು ವಿಂಗಡಿಸುವ ಬಗೆ

"ಕಾನೂನಿನಲ್ಲಿ ಹೀಗೇ ಅಂತ ಬರೆದುಬಿಟ್ಟಿದ್ದಾರೆ, ಆದರೆ ನ್ಯಾಯ ನಮ್ಮ ಕಡೆಗಿದೆ. ಏನಾದರೂ ಮಾಡಬಹುದಾ?"

ಮೈಸೂರು, ಮಂಡ್ಯದ ಲಾ ಕಾಲೇಜು ವಿದ್ಯಾರ್ಥಿಗಳು, ಈಚೆಗೆ ಸನ್ನದು ಪಡೆದ ಜೂನಿಯರ್‌ಗಳು, ತಮ್ಮ ಫೈಲನ್ನು ತಾವೇ ಓದುವ ಕಕ್ಷಿದಾರರು ತಿರುಗಿಸಿ ಮುರುಗಿಸಿ ಕೇಳುವುದು ಇದನ್ನೇ. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲಾಗುವುದಿಲ್ಲ. ನಿಮ್ಮ ಎದುರಿಗಿರುವ ಕಾನೂನಿನ ವಾಕ್ಯ ನಿಯಮವೋ (ಷರತ್ತು ಪೂರೈಸಿದರೆ ಫಲ ಖಚಿತ ಎನ್ನುವಂಥದ್ದು) ತತ್ವವೋ (ಒಂದು ದಿಕ್ಕಿಗೆ ಒಲವು ಮಾತ್ರ ಕೊಡುವಂಥದ್ದು) ಎಂಬುದು ಮೊದಲು ಗೊತ್ತಾಗಬೇಕು. ಅದು ನಿಯಮವಾದರೆ, ತತ್ವ ಒಳಗೆ ಬರಲು ಅದರಲ್ಲಿ ಎಲ್ಲಿ ಜಾಗ ಬಿಟ್ಟಿದ್ದಾರೆ ಎಂದು ಹುಡುಕಬೇಕು. ಈ ಎರಡನ್ನೂ ಮಾಡದೆ "ನ್ಯಾಯದ ದೃಷ್ಟಿಯಿಂದ" ಎಂದು ಶುರು ಮಾಡಿದ ವಾದ ಸಾಮಾನ್ಯವಾಗಿ ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ.

ಕಾವೇರಿ ಸೀಮೆಯವರಿಗೆ ಈ ವ್ಯತ್ಯಾಸ ಹೊಸದಲ್ಲ. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಸಾಮಾನ್ಯ ಮಳೆಯ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಹರಿಯಬೇಕಾದ ನೀರನ್ನು 192 ಟಿಎಂಸಿಯಿಂದ 177.25ಕ್ಕೆ ಇಳಿಸಿತು. ಆ ಅಂಕಿ ನಿಯಮ. ಅಳತೆ ಮಾಡಿದರೆ ಅಷ್ಟು ಹರಿದಿದೆ ಅಥವಾ ಹರಿದಿಲ್ಲ, ಅಷ್ಟೇ. ಆ ಅಂಕಿ ಹುಟ್ಟಿದ್ದು ನದಿ ಯಾವ ಒಂದು ರಾಜ್ಯದ ಸ್ವತ್ತೂ ಅಲ್ಲ, ನ್ಯಾಯೋಚಿತವಾಗಿ ಹಂಚಿಕೊಳ್ಳಬೇಕು ಎಂಬ ತತ್ವದಿಂದ. ಆ ತತ್ವದಲ್ಲಿ ಅಂಕಿಯಿಲ್ಲ. ಕುಡಿಯುವ ನೀರು, ಬೆಳೆ, ಹಳೆಯ ಬಳಕೆ, ಅಂತರ್ಜಲ ಎಲ್ಲವನ್ನೂ ತೂಗಿದ ಮೇಲೆ ಅಂಕಿ ಬಂತು. ಇನ್ನು ಮಳೆ ಕೈಕೊಟ್ಟ ವರ್ಷದಲ್ಲಿ ಪಾಲುಗಳು ಪ್ರಮಾಣಾನುಸಾರ ಕಡಿಮೆಯಾಗಬೇಕು ಎಂಬ ಮಾತಿದೆಯಲ್ಲ, ಅದು ನೋಡಲು ನಿಯಮದಂತಿದೆ. ಯಾವ ತಿಂಗಳ ಕೊರತೆ, ಯಾವ ಲೆಕ್ಕದಿಂದ ಎಂಬಲ್ಲಿ ಒಮ್ಮತವಿಲ್ಲದ್ದರಿಂದ ಪ್ರತಿ ಬರಗಾಲದಲ್ಲೂ ಅದು ತತ್ವದಂತೆ ವರ್ತಿಸುತ್ತದೆ. ಮಂಡ್ಯದ ರಸ್ತೆಗಳಲ್ಲಿ ಜಗಳ ಏಳುವುದು ಈ ಮೂರನೆಯ ಬಗೆಯ ವಾಕ್ಯದ ಮೇಲೆ ಎಂಬುದನ್ನು ಗಮನಿಸಿ.

ಬೇಕಾಗುವ ಸಾಮಾನು

ಸಂಬಂಧಪಟ್ಟ ಕಾಯ್ದೆಯ ಬೇರ್ ಆ್ಯಕ್ಟ್, ಅಂದರೆ ಟೀಕೆ ಟಿಪ್ಪಣಿ ಇಲ್ಲದ ಮೂಲಪಾಠ, ಇತ್ತೀಚಿನ ತಿದ್ದುಪಡಿಗಳ ಸಮೇತ. ಪ್ರಕರಣದ ತಾರೀಖುಗಳ ಪಟ್ಟಿ. ನಾಲ್ಕು ಕಾಲಂ ಹಾಕಿದ ಒಂದು ಹಾಳೆ: ವಾಕ್ಯ, ಅದರ ಮೂಲ, ನಿಯಮವೋ ತತ್ವವೋ, ನಮಗೆ ಅದರಿಂದ ಆಗಬೇಕಾದ ಕೆಲಸ. ತೀರ್ಪುಗಳ ಗಂಟು ಈಗಲೇ ಬೇಡ.

ಹಂತ 1: ವಾಕ್ಯವನ್ನು ಇದ್ದ ಹಾಗೇ ಬರೆದುಕೊಳ್ಳಿ

ನೆನಪಿನಿಂದ ಬರೆಯಬೇಡಿ. "ಮಾಡತಕ್ಕದ್ದು", "ಮಾಡಬಹುದು", "ಆದರೆ", "ಪರಂತು" ಇವುಗಳ ಮೇಲೇ ಎಲ್ಲ ನಿಂತಿರುತ್ತದೆ.

ಇಲ್ಲಿ ಎರಡು ಗುಂಡಿಗಳಿವೆ. ಮೊದಲನೆಯದು "ನಿಯಮ" ಎಂಬ ಪದವೇ. ಕನ್ನಡದಲ್ಲಿ ಇದು ಮೂರು ಕಡೆ ಬರುತ್ತದೆ. ಕಾಯ್ದೆಯಡಿ ಸರ್ಕಾರ ಮಾಡುವ ನಿಯಮಾವಳಿ ಒಂದು. ಉದಾಹರಣೆಗೆ 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳು. ಸಿಪಿಸಿ, ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಬರುವ "ಆದೇಶ 39, ನಿಯಮ 1" ಇನ್ನೊಂದು. ಮೂರನೆಯದು ನಾವು ಈ ಲೇಖನದಲ್ಲಿ ಬಳಸುತ್ತಿರುವ ಅರ್ಥ: ಷರತ್ತು ಪೂರೈಸಿದರೆ ಫಲ ಖಚಿತ ಎನ್ನುವಂಥ ಮಾತು. ಹೆಸರು "ನಿಯಮ" ಎಂದಿದ್ದ ಮಾತ್ರಕ್ಕೆ ಒಳಗಿರುವುದು ನಿಯಮವೇ ಆಗಿರಬೇಕಿಲ್ಲ. "ತತ್ವ"ದ ಕಥೆಯೂ ಅದೇ. ಸಂವಿಧಾನದ ರಾಜ್ಯ ನಿರ್ದೇಶಕ ತತ್ವಗಳನ್ನು ಕೋರ್ಟಿನ ಮೂಲಕ ಜಾರಿ ಮಾಡಿಸಲಾಗದು ಎಂದು 37ನೇ ಅನುಚ್ಛೇದವೇ ಹೇಳುತ್ತದೆ. ಸಹಜ ನ್ಯಾಯದಂಥ ತತ್ವವನ್ನು, ಅಂದರೆ ಬಾಧಿತರ ಮಾತು ಕೇಳದೆ ಆದೇಶ ಮಾಡಬಾರದು ಎಂಬಂಥದ್ದನ್ನು, ಕೋರ್ಟು ದಿನಾ ಜಾರಿ ಮಾಡುತ್ತದೆ. ಉತ್ತರಪತ್ರಿಕೆಯಲ್ಲಿ ಇವೆರಡನ್ನೂ ಒಂದೇ ಬುಟ್ಟಿಗೆ ಹಾಕುವವರು ಬಹಳ.

ಎರಡನೆಯ ಗುಂಡಿ ಭಾಷೆಯದು. ರಾಜ್ಯದ ಅಧಿನಿಯಮವನ್ನು ಕನ್ನಡದಲ್ಲಿ ಓದಿ ಒಂದು ಪದದ ಮೇಲೆ ವಾದ ನಿಲ್ಲಿಸುವವರು ಇಂಗ್ಲಿಷ್ ಪಾಠವನ್ನೂ ಒಮ್ಮೆ ತೆರೆಯಬೇಕು. ಸಂವಿಧಾನದ 348(3)ನೇ ಅನುಚ್ಛೇದದ ಪ್ರಕಾರ ರಾಜ್ಯಪತ್ರದಲ್ಲಿ ಪ್ರಕಟವಾದ ಇಂಗ್ಲಿಷ್ ಅನುವಾದವೇ ಅಧಿಕೃತ ಪಾಠ. ಕನ್ನಡಿಗರಿಗೆ ಬೇಸರದ ಸಂಗತಿಯೇ, ಆದರೆ ವಾದದ ನಡುವೆ ಎದುರು ವಕೀಲರಿಂದ ಇದನ್ನು ಕೇಳಿಸಿಕೊಳ್ಳುವುದು ಇನ್ನೂ ಬೇಸರ.

ಹಂತ 2: ಮೂರು ಪ್ರಶ್ನೆ ಹಾಕಿ ಬಗೆ ತಿಳಿಯಿರಿ

ಒಂದು, ಷರತ್ತು ಪೂರೈಸಿದ ಕೂಡಲೇ ಫಲ ತಾನಾಗಿ ಬರುತ್ತದೆಯೇ? ಬರುತ್ತದಾದರೆ ನಿಯಮ. ಅದು ಒಂದು ದಿಕ್ಕಿಗೆ ಒಲವು ಕೊಟ್ಟು ಸುಮ್ಮನಾಗುವುದಾದರೆ ತತ್ವ.

ಎರಡು, ವಿನಾಯಿತಿಗಳನ್ನು ಪಟ್ಟಿ ಮಾಡಿ ಮುಗಿಸಲಾಗುತ್ತದೆಯೇ? ನಿಯಮಕ್ಕೆ ಪಟ್ಟಿ ಸಾಧ್ಯ, ಕನಿಷ್ಠ ಪ್ರಯತ್ನವಾದರೂ ಸಾಧ್ಯ. "ತಾನು ಮಾಡಿದ ತಪ್ಪಿನಿಂದ ತಾನೇ ಲಾಭ ಪಡೆಯಬಾರದು" ಎಂಬುದಕ್ಕೆ ಪಟ್ಟಿ ಮಾಡಲು ಕುಳಿತರೆ ಮುಗಿಯುವುದೇ ಇಲ್ಲ. ಬೇರೆಯವರ ಜಮೀನನ್ನು ಹನ್ನೆರಡು ವರ್ಷ ಎದುರಾಳಿಯಾಗಿ ಅನುಭವಿಸಿದವನು ಕಾಲಮಿತಿ ಅಧಿನಿಯಮದ 65ನೇ ಬಾಬಿನಡಿ ಉಳಿದುಕೊಳ್ಳುತ್ತಾನೆ, ತಪ್ಪಿನಿಂದಲೇ ಲಾಭ ಪಡೆದಂತೆ. ಆದರೂ ಆ ತತ್ವ ಸುಳ್ಳಾಗಲಿಲ್ಲ. ಅಲ್ಲಿ ಬೇರೊಂದು ಸಂಗತಿ ಹೆಚ್ಚು ತೂಗಿತು.

ಮೂರು, ಇಂಥದ್ದೇ ಇನ್ನೊಂದಕ್ಕೆ ಢಿಕ್ಕಿ ಹೊಡೆದರೆ ಏನಾಗುತ್ತದೆ? ಎರಡು ನಿಯಮ ಎದುರಾದರೆ ಒಂದು ಬೀಳಲೇಬೇಕು. ವಿಶೇಷ ಕಾಯ್ದೆ ಸಾಮಾನ್ಯ ಕಾಯ್ದೆಯನ್ನು, ನಂತರದ್ದು ಮೊದಲಿನದ್ದನ್ನು ಹಿಂದೆ ಸರಿಸುತ್ತದೆ. ಎರಡು ತತ್ವ ಎದುರಾದರೆ ಸೋತದ್ದೂ ಬದುಕಿರುತ್ತದೆ, ನಾಳೆ ಇನ್ನೊಂದು ಕೇಸಿನಲ್ಲಿ ಗೆಲ್ಲಲೂಬಹುದು.

ಈ ವಿಂಗಡಣೆಯನ್ನು ಮುನ್ನೆಲೆಗೆ ತಂದವರು ಅಮೆರಿಕದ ಕಾನೂನು ಚಿಂತಕ ರೊನಾಲ್ಡ್ ಡ್ವಾರ್ಕಿನ್, 1967ರ ಒಂದು ಲೇಖನದಲ್ಲಿ. ಅವರು ಎದುರು ನಿಂತಿದ್ದು ಆಕ್ಸ್‌ಫರ್ಡಿನ ಎಚ್.ಎಲ್.ಎ. ಹಾರ್ಟ್ ಅವರಿಗೆ. ಹಾರ್ಟ್ ಅವರ ಮರುಮಾತು ಅವರು ತೀರಿಕೊಂಡ ಮೇಲೆ 1994ರಲ್ಲಿ ಅಚ್ಚಾಯಿತು: ವ್ಯತ್ಯಾಸ ಇದೆ ನಿಜ, ಆದರೆ ಅದು ಕಪ್ಪು ಬಿಳುಪಿನದ್ದಲ್ಲ, ಹೆಚ್ಚು ಕಡಿಮೆಯದ್ದು. ಜರ್ಮನಿಯ ರಾಬರ್ಟ್ ಅಲೆಕ್ಸಿ ತತ್ವ ಎಂದರೆ ಸಾಧ್ಯವಿದ್ದಷ್ಟು ಮಟ್ಟಿಗೆ ಈಡೇರಿಸಬೇಕಾದ ಬೇಡಿಕೆ ಎಂದರು. ನಮ್ಮ ಕೋರ್ಟುಗಳಲ್ಲಿ ನಡೆಯುವುದನ್ನು ನೋಡಿದರೆ ಹಾರ್ಟ್ ಮಾತೇ ಹತ್ತಿರ ಅನ್ನಿಸುತ್ತದೆ. ಪರೀಕ್ಷೆಗೆ ಮೂವರನ್ನೂ ಓದಿ. ಅರ್ಜಿಯಲ್ಲಿ ಮೂವರ ಹೆಸರೂ ಬೇಡ.

ಹಂತ 3: ನಿಯಮದ ಒಳಗೆ ಜಾಗ ಹುಡುಕಿ

ಹೆಚ್ಚು ಸಮಯ ಕೊಡಬೇಕಾದ ಹಂತ ಇದು. "ಸಾಕಷ್ಟು ಕಾರಣ", "ಸಮಂಜಸ ಸಮಯ", "ನ್ಯಾಯಾಲಯಕ್ಕೆ ಮನವರಿಕೆಯಾದರೆ" ಇಂಥ ಪದಗಳು ನಿಯಮದೊಳಗೆ ತತ್ವಕ್ಕೆಂದು ಬಿಟ್ಟ ಜಾಗ. ಅವು ಇಲ್ಲದ ಕಡೆ ತತ್ವ ಹೇಳಿ ಪ್ರಯೋಜನವಿಲ್ಲ.

ಚೆಕ್ ಬೌನ್ಸ್ ಪ್ರಕರಣದಲ್ಲಿ ಇದು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ಮಾರ್ಚ್ 1ಕ್ಕೆ ಮೆಮೊ ಕೈಸೇರಿದರೆ ಆ ದಿನ ಬಿಟ್ಟು ಎಣಿಸಿ, ಮಾರ್ಚ್ 31 ಕೊನೆ. ನೋಟಿಸ್ ತಲುಪಿದ ಮೇಲೆ ಹಣ ಕಟ್ಟಲು ಎದುರಿನವನಿಗೆ 15 ದಿನ. ಅದು ಮುಗಿದ ಮೇಲೆ ದೂರು ಸಲ್ಲಿಸಲು ಒಂದು ತಿಂಗಳು. ದೂರು ತಡವಾದರೆ ಸಾಕಷ್ಟು ಕಾರಣ ತೋರಿಸಿ ಮನ್ನಾ ಕೇಳಬಹುದು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 142ನೇ ಸೆಕ್ಷನ್ನಿನ ಪರಂತುಕದಲ್ಲಿ, ಅಂದರೆ "ಪರಂತು" ಎಂದು ಸೇರಿಸಿದ ವಿನಾಯಿತಿಯ ಭಾಗದಲ್ಲಿ, ಜಾಗ ಬಿಟ್ಟಿದ್ದಾರೆ. ನೋಟಿಸ್ ತಡವಾದರೆ ಅಂಥ ಜಾಗವೇ ಇಲ್ಲ. ಏಪ್ರಿಲ್ 4ಕ್ಕೆ ನೋಟಿಸ್ ಕಳಿಸಿ, ಮನೆಯಲ್ಲಿ ಸಾವಾಗಿತ್ತು ಎಂದು ಎಷ್ಟು ಬೇಡಿಕೊಂಡರೂ ಆ ನೋಟಿಸ್ ಮೇಲೆ ಕೇಸು ನಿಲ್ಲುವುದಿಲ್ಲ. ಅಲ್ಲಿ ಬೇಕಾದ್ದು ತತ್ವವಲ್ಲ, ಇನ್ನೊಂದು ನಿಯಮ: ಚೆಕ್ಕಿನ ತಾರೀಖಿನಿಂದ ಮೂರು ತಿಂಗಳು ದಾಟದಿದ್ದರೆ ಮತ್ತೆ ಬ್ಯಾಂಕಿಗೆ ಹಾಕಿ, ಮತ್ತೆ ಬೌನ್ಸ್ ಆದ ಮೇಲೆ ಹೊಸ 30 ದಿನದೊಳಗೆ ಹೊಸ ನೋಟಿಸ್ ಕೊಡಿ. 2012ರ ಎಂ.ಎಸ್.ಆರ್. ಲೆದರ್ಸ್ ತೀರ್ಪಿನ ನಂತರ ಇದಕ್ಕೆ ಅಡ್ಡಿಯಿಲ್ಲ.

1963ರ ಕಾಲಮಿತಿ ಅಧಿನಿಯಮದಲ್ಲೂ ಇದೇ ಆಟ. 3ನೇ ಸೆಕ್ಷನ್ ಕಟ್ಟುನಿಟ್ಟಾದ ನಿಯಮ. ಎದುರು ಪಕ್ಷ ಬಾಯಿ ಬಿಡದಿದ್ದರೂ ಅವಧಿ ಮೀರಿದ ದಾವೆಯನ್ನು ಕೋರ್ಟು ವಜಾ ಮಾಡಲೇಬೇಕು. 5ನೇ ಸೆಕ್ಷನ್ ವಿಳಂಬ ಮನ್ನಿಸುವ ಜಾಗ, ಆದರೆ ಅದು ಮೇಲ್ಮನವಿಗೆ ಮತ್ತು ಅರ್ಜಿಗಳಿಗೆ ಮಾತ್ರ. ಅದರಲ್ಲೂ ಡಿಕ್ರಿ ಅಮಲಿನ ಅರ್ಜಿಗಳು ಹೊರಗೆ. ಮೂಲ ದಾವೆಗೆ 5ನೇ ಸೆಕ್ಷನ್ ಅರ್ಜಿ ಹಾಕುವ ಜೂನಿಯರ್‌ಗಳು ಇಂದಿಗೂ ಸಿಗುತ್ತಾರೆ. 1987ರ ಕಾತಿಜಿ ತೀರ್ಪನ್ನು, ಅಂದರೆ ವಿಳಂಬವನ್ನು ಉದಾರವಾಗಿ ನೋಡಬೇಕು ಎಂದ ಸುಪ್ರೀಂ ಕೋರ್ಟ್ ತೀರ್ಪನ್ನು ಅದಕ್ಕೆ ಲಗತ್ತಿಸಿರುತ್ತಾರೆ. ಆ ಪ್ರಕರಣದಲ್ಲಿ ಇದ್ದದ್ದು ಮೇಲ್ಮನವಿ, ವಿಳಂಬ ನಾಲ್ಕು ದಿನ. ಎಷ್ಟೇ ಉದಾರವಾದ ತತ್ವವಾದರೂ ಕಾಲಿಡಲು ನೆಲ ಬೇಕು. ಹಾಗೆಯೇ ಕೊನೆಯ ದಿನ ದಸರಾ ರಜೆಯಲ್ಲಿ ಬಿದ್ದು ಕೋರ್ಟು ಮುಚ್ಚಿದ್ದರೆ 4ನೇ ಸೆಕ್ಷನ್ ನೋಡಿ: ತೆರೆದ ದಿನವೇ ಸಲ್ಲಿಸಿದರೆ ಅವಧಿಯೊಳಗೇ ಲೆಕ್ಕ. ಕರುಣೆ ಕೇಳುವ ಅಗತ್ಯವೇ ಇಲ್ಲ. ಮರುದಿನ ಹೋದರೆ ಈ ಅನುಕೂಲ ಹೋಯಿತು.

ಒಂದೇ ಬಗೆಯ ಮಾತು ಎರಡು ಕೋರ್ಟಿನಲ್ಲಿ ಎರಡು ತರಹ ನಡೆಯುವುದೂ ಉಂಟು. ಪ್ರತಿವಾದಿಯ ಲಿಖಿತ ಹೇಳಿಕೆಗೆ, ಕೋರ್ಟಿನಲ್ಲಿ ಎಲ್ಲರೂ ಡಬ್ಲ್ಯೂಎಸ್ ಎನ್ನುವುದಕ್ಕೆ, ಸಿಪಿಸಿ ಆದೇಶ 8 ನಿಯಮ 1ರಲ್ಲಿ ಸಮನ್ಸ್ ತಲುಪಿದ ದಿನದಿಂದ 30 ದಿನ, ಹೆಚ್ಚೆಂದರೆ 90 ದಿನ. ಓದಿದರೆ ಬಿಗಿ. ಆದರೆ 2005ರ ಕೈಲಾಶ್ ಮತ್ತು ಸೇಲಂ ವಕೀಲರ ಸಂಘದ ತೀರ್ಪುಗಳು ಕಾರ್ಯವಿಧಾನ ಇರುವುದು ನ್ಯಾಯಕ್ಕೆ ನೆರವಾಗಲು ಎಂಬ ತತ್ವ ಹಿಡಿದು, ಅಸಾಧಾರಣ ಕಾರಣವಿದ್ದರೆ 90 ದಾಟಿಯೂ ಅವಕಾಶ ಕೊಡಬಹುದು ಎಂದವು. ಅದೇ ವ್ಯಾಜ್ಯ 3 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ವಾಣಿಜ್ಯ ವ್ಯಾಜ್ಯವಾಗಿ ವಾಣಿಜ್ಯ ನ್ಯಾಯಾಲಯದಲ್ಲಿದ್ದರೆ ಗಡುವು 120 ದಿನ. ದಾಟಿದರೆ ಹಕ್ಕು ಹೋಯಿತು, ಹೇಳಿಕೆಯನ್ನು ಕಡತಕ್ಕೆ ಸೇರಿಸಿಕೊಳ್ಳುವುದೇ ಇಲ್ಲ. 2019ರ ಎಸ್‌ಸಿಜಿ ಕಾಂಟ್ರಾಕ್ಟ್ಸ್ ತೀರ್ಪು ಇದನ್ನು ಖಚಿತಪಡಿಸಿದೆ. ಅಕ್ಕಿ ಗಿರಣಿಯ ಬಾಕಿ ಹಣದ ದಾವೆಗೆ ಸಾಮಾನ್ಯ ದಾವೆಯ ಅಭ್ಯಾಸದಲ್ಲಿ ನಿಧಾನವಾಗಿ ಹೇಳಿಕೆ ಸಿದ್ಧಮಾಡುವವರು ಎಡವುವುದು ಇಲ್ಲೇ.

ಹಂತ 4: ಕಾನೂನು ಮೌನವಾಗಿರುವ ಜಾಗ ನೋಡಿ

ನಿಯಮ ಇಲ್ಲದ ಕಡೆ ತತ್ವಕ್ಕೆ ಅತಿ ಹೆಚ್ಚು ಬಲ. ಎಲ್ಲ ಪಠ್ಯಗಳೂ ಹೇಳುವ ಉದಾಹರಣೆ 1889ರ ನ್ಯೂಯಾರ್ಕಿನ ರಿಗ್ಸ್ ಪ್ರಕರಣ: ಉಯಿಲಿನ ಆಸ್ತಿಗಾಗಿ ಅಜ್ಜನಿಗೆ ವಿಷವಿಕ್ಕಿದ ಮೊಮ್ಮಗನಿಗೆ ಆಸ್ತಿ ಸಿಗಲಿಲ್ಲ. ಅಷ್ಟು ದೂರ ಹೋಗಬೇಕಿಲ್ಲ. ಬೊಂಬಾಯಿ ಹೈಕೋರ್ಟಿನಿಂದ ಪ್ರಿವಿ ಕೌನ್ಸಿಲ್‌ಗೆ, ಅಂದರೆ ಬ್ರಿಟಿಷರ ಕಾಲದಲ್ಲಿ ಲಂಡನ್ನಿನಲ್ಲಿದ್ದ ಕೊನೆಯ ಮೇಲ್ಮನವಿ ಪೀಠಕ್ಕೆ, ಹೋಗಿ 1924ರಲ್ಲಿ ತೀರ್ಮಾನವಾದ ಕೆಂಚವ್ವ ವಿರುದ್ಧ ಗಿರಿಮಲ್ಲಪ್ಪ ಪ್ರಕರಣ ನಮ್ಮದೇ. ಕೊಲೆಗಾರನಿಗೆ ಕೊಲೆಯಾದವನ ಆಸ್ತಿ ಬರಬಾರದು, ಅವನ ಮೂಲಕ ಬೇರೆಯವರೂ ಹಕ್ಕು ಹೇಳಬಾರದು, ಅವನು ಇಲ್ಲವೇ ಇಲ್ಲ ಎಂದು ಭಾವಿಸಿ ವಾರಸು ನೋಡಬೇಕು ಎಂದಿತು. ಆಧಾರ: ನ್ಯಾಯ, ಸಮತೆ, ಸದ್ವಿವೇಕ. 1956ರಲ್ಲಿ ಹಿಂದೂ ಉತ್ತರಾಧಿಕಾರ ಅಧಿನಿಯಮದ 25ನೇ ಸೆಕ್ಷನ್ ಅದನ್ನೇ ನಿಯಮವಾಗಿ ಬರೆಯಿತು. ಇಂದು ಇಂಥ ಕೇಸಿನಲ್ಲಿ 25ನೇ ಸೆಕ್ಷನ್ ಬಿಟ್ಟು ತತ್ವದಿಂದ ಶುರು ಮಾಡುವುದು ವ್ಯರ್ಥ ಶ್ರಮ. ಆ ಸೆಕ್ಷನ್ನಿನಲ್ಲಿರುವ "ಕೊಲೆ" ಎಂಬ ಪದ ಎಲ್ಲಿಯವರೆಗೆ ಹಿಗ್ಗುತ್ತದೆ ಎಂಬ ತಕರಾರು ಬಂದಾಗ ಮಾತ್ರ ಹಳೆಯ ತತ್ವವನ್ನು ಮತ್ತೆ ಕರೆಯಿರಿ.

ನಮ್ಮ ಎರಡೂ ಜಿಲ್ಲೆಗಳಲ್ಲಿ ಹೆಚ್ಚು ಕೇಳಿಬರುವ ಪಿಟಿಸಿಎಲ್ ಕೇಸುಗಳು, ಅಂದರೆ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಕಾಯ್ದೆಯ ಕೇಸುಗಳು, ಈ ಹಂತಕ್ಕೆ ತೆರೆದ ಪಾಠ. ಷರತ್ತು ಮೀರಿದ ಮಾರಾಟ ಅಸಿಂಧು ಎಂದು 4ನೇ ಸೆಕ್ಷನ್ ಹೇಳುತ್ತದೆ. ಜಮೀನು ಮರಳಿಸುವ ಅಧಿಕಾರ 5ನೇ ಸೆಕ್ಷನ್ನಿನಡಿ ಎ.ಸಿ.ಗೆ, ಅಂದರೆ ಉಪವಿಭಾಗಾಧಿಕಾರಿಗೆ. ಎಷ್ಟು ವರ್ಷದೊಳಗೆ ಅರ್ಜಿ ಹಾಕಬೇಕು ಎಂಬ ಬಗ್ಗೆ ಕಾಯ್ದೆ ಸುಮ್ಮನಿತ್ತು. 2017ರ ನೆಕ್ಕಂಟಿ ರಾಮಲಕ್ಷ್ಮಿ ತೀರ್ಪು ಆ ಮೌನದೊಳಗೆ "ಸಮಂಜಸ ಸಮಯ" ಎಂಬ ತತ್ವವನ್ನು ತಂದಿತು, ಮೂಲ ಮಂಜೂರುದಾರರ ಅನೇಕ ಅರ್ಜಿಗಳು ಬಿದ್ದುಹೋದವು. 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದು, ಈ ಕಾಯ್ದೆಯಡಿ ಅರ್ಜಿಗೆ ಯಾವ ಕಾಲಮಿತಿಯೂ ಇಲ್ಲ ಎಂದು ಬರೆಯಿತು. ಮೌನ ಮುಗಿಯಿತೇ? ಪೂರ್ತಿ ಮುಗಿಯಲಿಲ್ಲ. ಕಾಲಮಿತಿ ಬೇರೆ, ಹಕ್ಕನ್ನು ಕೈಬಿಟ್ಟು ಕೂತ ವಿಳಂಬ ಬೇರೆ, ಮೊದಲನೆಯದು ನಿಯಮ, ಎರಡನೆಯದು ತತ್ವ, ತಿದ್ದುಪಡಿ ತೆಗೆದದ್ದು ಮೊದಲನೆಯದನ್ನು ಮಾತ್ರ ಎಂಬ ವಾದ ಹೈಕೋರ್ಟಿನಲ್ಲಿ ಎದ್ದಿದೆ. ನೀವು ಮಂಜೂರುದಾರರ ಕಡೆಯವರಾದರೆ ಬರೀ ತಿದ್ದುಪಡಿಯನ್ನು ಲಗತ್ತಿಸಿ ಸುಮ್ಮನಾಗಬೇಡಿ. ಇಷ್ಟು ವರ್ಷ ಏಕೆ ಬರಲಾಗಲಿಲ್ಲ ಎಂಬುದನ್ನು ತಾರೀಖು ಸಮೇತ ಬರೆಯಿರಿ. ಕೊಂಡವರ ಕಡೆಯಾದರೆ "ಕಾಲಮಿತಿ" ಎಂಬ ಪದವನ್ನು ಬಳಸಲೇಬೇಡಿ, ಬಳಸಿದ ಕ್ಷಣ ತಿದ್ದುಪಡಿಗೆ ಸಿಕ್ಕಿಬೀಳುತ್ತೀರಿ. ಇಬ್ಬರೂ ವಿಚಾರಣೆಯ ಹಿಂದಿನ ದಿನ ಹೊಸ ಆದೇಶಗಳನ್ನು ಒಮ್ಮೆ ಹುಡುಕಿ ನೋಡಿ.

ಹಂತ 5: ತತ್ವವಾದರೆ ತೂಕ ತೋರಿಸಿ

ತತ್ವವನ್ನು ಉಲ್ಲೇಖಿಸಿದರೆ ಸಾಲದು, ಈ ಕೇಸಿನಲ್ಲಿ ಅದು ಏಕೆ ಹೆಚ್ಚು ತೂಗುತ್ತದೆ ಎಂಬುದಕ್ಕೆ ದಾಖಲೆ ಬೇಕು. ತಾತ್ಕಾಲಿಕ ತಡೆಯಾಜ್ಞೆಯನ್ನೇ ತೆಗೆದುಕೊಳ್ಳಿ. ಮೇಲ್ನೋಟಕ್ಕೆ ಹಕ್ಕು ಇದೆಯೇ, ಅನಾನುಕೂಲ ಯಾರಿಗೆ ಹೆಚ್ಚು, ಆಗುವ ನಷ್ಟ ಹಣದಿಂದ ತುಂಬಲಾಗದ್ದೇ ಎಂಬ ಮೂರು ಅಂಶಗಳನ್ನು ಕೋರ್ಟು ತೂಗುತ್ತದೆ. ಪಕ್ಕದವರು ನಿಮ್ಮ ನಿವೇಶನಕ್ಕೆ ಗೋಡೆ ಎಬ್ಬಿಸುತ್ತಿದ್ದರೆ ತೂಕ ಬರುವುದು ಅಳತೆ ನಕ್ಷೆಯಿಂದ, ಖಾತೆಯಿಂದ, ಪಾಯ ಯಾವ ಮಟ್ಟಕ್ಕೆ ಬಂದಿದೆ ಎಂಬ ತಾರೀಖು ಸಹಿತದ ಫೋಟೋಗಳಿಂದ. "ತುಂಬಲಾರದ ನಷ್ಟವಾಗುತ್ತದೆ" ಎಂದು ಅಫಿಡವಿಟ್ಟಿನಲ್ಲಿ ನಾಲ್ಕು ಸಲ ಬರೆದರೆ ಬರುವುದಿಲ್ಲ. ಎದುರಿನವರ ನಷ್ಟವನ್ನೂ ನೀವೇ ಎತ್ತಿ, ಅದು ಏಕೆ ಕಡಿಮೆ ಎಂದು ಹೇಳಿ. ಪೂರ್ತಿ ಕಟ್ಟಡ ನಿಲ್ಲಿಸಿ ಎನ್ನುವ ಬದಲು ತಕರಾರಿನ ಅಂಚಿನಲ್ಲಿ ಮಾತ್ರ ಕೆಲಸ ಬೇಡ ಎಂದು ಕೇಳಿದರೆ ತಕ್ಕಡಿ ನಿಮ್ಮ ಕಡೆ ಬೇಗ ವಾಲುತ್ತದೆ.

ಅದೇ ಪ್ರಕರಣದಲ್ಲಿ ತತ್ವದ ಪಕ್ಕದಲ್ಲೇ ಒಂದು ಬಿಗಿ ನಿಯಮ ಕೂತಿದೆ, ಹುಷಾರು. ಎದುರಿನವರಿಗೆ ನೋಟಿಸ್ ಇಲ್ಲದೆ ಏಕಪಕ್ಷೀಯ ಆದೇಶ ಸಿಕ್ಕರೆ, ಆದೇಶ 39 ನಿಯಮ 3ರ ಪ್ರಕಾರ ಅರ್ಜಿ, ಅಫಿಡವಿಟ್, ವಾದಪತ್ರ, ದಾಖಲೆಗಳ ಪ್ರತಿಯನ್ನು ಕೂಡಲೇ ತಲುಪಿಸಬೇಕು ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು, ಕಳಿಸಿದ ಬಗ್ಗೆ ಅಂದೇ ಇಲ್ಲವೇ ಮರುದಿನ ಅಫಿಡವಿಟ್ ಹಾಕಬೇಕು. ಮೂರು ತೂಕದಲ್ಲೂ ಗೆದ್ದವರು ಅಂಚೆ ರಸೀದಿ ಇಲ್ಲದೆ ಆದೇಶ ಕಳೆದುಕೊಳ್ಳಬಹುದು. ಸತ್ಯ ಮುಚ್ಚಿಟ್ಟಿದ್ದರಂತೂ ಯಾವ ತೂಕವೂ ಉಳಿಯುವುದಿಲ್ಲ. ಸತ್ಯ ಮುಚ್ಚಿಟ್ಟು ಪಡೆದ ಡಿಕ್ರಿ ನಿಲ್ಲದು ಎಂದ 1994ರ ಚೆಂಗಲ್ವರಾಯ ನಾಯ್ಡು ತೀರ್ಪು ಎದುರು ಪಕ್ಷದ ಕೈಯಲ್ಲಿ ಸಿದ್ಧವಾಗಿರುತ್ತದೆ.

ಲ್ಯಾಟಿನ್ ಸೂಕ್ತಿಗಳ ಮೋಹ ಬೇಡ. ಸೂಕ್ತಿ ತಾನಾಗಿ ತತ್ವವಲ್ಲ. ನಮ್ಮ ಯಾವ ಕೋರ್ಟು ಅದನ್ನು ಯಾವ ಸಂದರ್ಭದಲ್ಲಿ ಒಪ್ಪಿದೆ ಎಂದು ತೋರಿಸಿದರೆ ಮಾತ್ರ ಬೆಲೆ.

ಹಂತ 6: ಯಾವ ಕೋರ್ಟು ಎಂದು ಕೇಳಿಕೊಳ್ಳಿ

ಸ್ಪಷ್ಟ ನಿಯಮವನ್ನು ತತ್ವದ ಬಲದಿಂದ ಬೀಳಿಸುವುದು ಸಂವಿಧಾನದ ಆಧಾರವಿದ್ದರೆ ಮಾತ್ರ ಸಾಧ್ಯ, ಅದೂ ಹೈಕೋರ್ಟು ಅಥವಾ ಸುಪ್ರೀಂ ಕೋರ್ಟಿನಲ್ಲಿ. ಸಂವಿಧಾನದ 142ನೇ ಅನುಚ್ಛೇದದ "ಸಂಪೂರ್ಣ ನ್ಯಾಯ"ದ ಅಧಿಕಾರ ಸುಪ್ರೀಂ ಕೋರ್ಟಿಗೆ ಸೇರಿದ್ದು. ಮಂಡ್ಯದ ಸಿವಿಲ್ ಜಡ್ಜ್ ಎದುರು ಅದನ್ನು ಓದಿದರೆ ಅವರು ನಗದೇ ಇದ್ದರೆ ಅವರ ದೊಡ್ಡತನ. ಕಾಯ್ದೆಯ ಸಿಂಧುತ್ವದ ಪ್ರಶ್ನೆ ನಿಜಕ್ಕೂ ಇದ್ದರೆ ಸಿಪಿಸಿ 113ನೇ ಸೆಕ್ಷನ್ ಪ್ರಕಾರ ಹೈಕೋರ್ಟಿಗೆ ಉಲ್ಲೇಖಿಸಲು ಕೇಳಬಹುದು.

ಹಾಳೆ ತುಂಬಿಸಿ ನೋಡೋಣ

ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ತಂದೆ ತೀರಿಕೊಂಡಿದ್ದಾರೆ. ಅಣ್ಣ ತನ್ನೊಬ್ಬನ ಹೆಸರಿಗೆ ಪೌತಿ ಖಾತೆ ಮಾಡಿಸಿಕೊಂಡಿದ್ದಾನೆ, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಪಹಣಿ ಬದಲಾಗಿದೆ. ಮದುವೆಯಾಗಿ ಮೈಸೂರಿನಲ್ಲಿರುವ ತಂಗಿಗೆ ಎರಡು ವರ್ಷದ ಮೇಲೆ ಗೊತ್ತಾಗಿದೆ.

ಮೊದಲ ಸಾಲು: ಮಗಳೂ ವಾರಸುದಾರಳು, ಪಿತ್ರಾರ್ಜಿತವಾದರೆ 2005ರ ತಿದ್ದುಪಡಿಯಿಂದ ಹುಟ್ಟಿನಿಂದಲೇ ಪಾಲು. ನಿಯಮ. ತೂಗುವುದೇನೂ ಇಲ್ಲ, 2004ರ ಡಿಸೆಂಬರ್ 20ಕ್ಕೆ ಮುಂಚೆ ವಿಭಾಗವಾಗಿತ್ತೇ ಎಂಬುದಷ್ಟೇ ಪ್ರಶ್ನೆ.

ಎರಡನೆಯದು: ಬಾಧಿತರ ಮಾತು ಕೇಳದೆ ಆದೇಶ ಮಾಡಬಾರದು. ಸಹಜ ನ್ಯಾಯದ ತತ್ವ. ಜೊತೆಗೆ ನೋಟಿಸ್ ಕೊಡಬೇಕೆಂದು 1964ರ ಭೂಕಂದಾಯ ಅಧಿನಿಯಮದ 129ನೇ ಸೆಕ್ಷನ್ನೇ ಹೇಳುವುದರಿಂದ ಇಲ್ಲಿ ತತ್ವಕ್ಕೆ ನಿಯಮದ ಬೆಂಬಲವೂ ಇದೆ. ಮೊದಲು ಸೆಕ್ಷನ್, ಆಮೇಲೆ ತತ್ವ, ಈ ಕ್ರಮದಲ್ಲಿ ಬರೆಯಿರಿ.

ಮೂರನೆಯದು: 136(2)ನೇ ಸೆಕ್ಷನ್ನಿನಡಿ ಎ.ಸಿ.ಗೆ ಮೇಲ್ಮನವಿ, 60 ದಿನದೊಳಗೆ. ನಿಯಮ. ಆದರೆ ಎಣಿಕೆ ಶುರುವಾಗುವುದು ಆದೇಶ ತಿಳಿಸಿದ ಅಥವಾ ನಮೂದು ತಿಳಿದುಬಂದ ದಿನದಿಂದ. ಇಲ್ಲೇ ಜಾಗವಿದೆ. ತಂಗಿ ಪಹಣಿಯ ಪ್ರತಿ ತೆಗೆದ ದಿನಾಂಕ, ಆ ರಸೀದಿ, ಅದಕ್ಕೆ ಮುಂಚೆ ತಿಳಿಯಲು ದಾರಿಯಿರಲಿಲ್ಲ ಎಂಬ ಅಫಿಡವಿಟ್, ಮೂರೂ ಮೇಲ್ಮನವಿಯ ಜೊತೆಗೇ ಹೋಗಬೇಕು. ವಿಳಂಬ ಮನ್ನಾ ಅರ್ಜಿಯನ್ನು ಎಚ್ಚರಿಕೆಗಾಗಿ ಬೇರೆಯಾಗಿ ಸೇರಿಸಿ.

ನಾಲ್ಕನೆಯದು: ಖಾತೆ ಬದಲಾದ ಮಾತ್ರಕ್ಕೆ ಮಾಲೀಕತ್ವ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಇದು ಕೋರ್ಟುಗಳು ಗಟ್ಟಿಮಾಡಿದ ನಿಯಮ. ಪಾಲಿನ ಪ್ರಶ್ನೆಯನ್ನು ಎ.ಸಿ. ತೀರ್ಮಾನಿಸಲಾರರು, ಅದಕ್ಕೆ ಸಿವಿಲ್ ಕೋರ್ಟಿನಲ್ಲಿ ವಿಭಾಗದ ದಾವೆ ಬೇಕು. ಅಣ್ಣ ಜಮೀನು ಮಾರಲು ಹೊರಟಿದ್ದರೆ ಮೇಲ್ಮನವಿಯ ತೀರ್ಮಾನಕ್ಕೆ ಕಾಯದೆ ದಾವೆಯನ್ನೂ ತಡೆಯಾಜ್ಞೆಯ ಅರ್ಜಿಯನ್ನೂ ಹಾಕಿ, ಅಲ್ಲಿ ಮತ್ತೆ ಐದನೇ ಹಂತದ ಮೂರು ತೂಕ, ಅಂಚೆ ರಸೀದಿ.